ಕೊಕ್ಕೆ ಮರೆತ ಒಂಬತ್ತನೇ ನಂಬರ್

ಮೊದಲೇ ಹೇಳಿಬಿಡುತ್ತೇನೆ. ನಾನು ಕೊಂಡ ಕ್ರೊಯೇಷಿಯಾದ ಫುಟ್‌ಬಾಲ್ ಅಂಗಿಗೆ ಐದಕ್ಕೆ ಮೂರು. ಬೆನ್ನ ಮೇಲೆ ಹೆಸರು ಅಂಟಿಸಿದ ಕೆಲಸಕ್ಕೆ ಮೊದಲ ಸಲ ಸೊನ್ನೆ, ಎರಡನೇ ಸಲ ನಾಲ್ಕು. ಆ ಹೆಸರಿನ ಮನುಷ್ಯನಿಗೆ ಅಂಕ ಕೊಡಲು ನಾನ್ಯಾರು? ಆದರೂ ಬರೆಯುತ್ತಾ ಹೋದರೆ ಅವನ ಮಾತೇ ಜಾಸ್ತಿ ಆಗುತ್ತದೆ ಅಂತ ಈಗಲೇ ಅನಿಸುತ್ತಿದೆ.

ನಾನು ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಬೆಳಗಾದರೆ ಹಾಸಿಗೆ ಬಟ್ಟೆ, ಟವೆಲ್, ಅಡುಗೆಯವರ ಕೋಟು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದು ಚಾಳಿಯಾಗಿಬಿಟ್ಟಿದೆ. ಹಾಗಾಗಿ ಇದು ಫುಟ್‌ಬಾಲ್ ಪಂಡಿತರ ಮಾತಲ್ಲ, ಬಟ್ಟೆ ಒಗೆಯುವವಳ ಮಾತು.

ಕೊಂಡದ್ದು 1998ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ತಂಡ ತೊಟ್ಟಿದ್ದ ಜೆರ್ಸಿಯ ನಮೂನೆ. ಒಂಬತ್ತನೇ ನಂಬರ್, ಆ ತಂಡಕ್ಕೆ ಗೋಲು ಹೊಡೆಯುತ್ತಿದ್ದ ದಾವೋರ್ ಶುಕೆರ್. ಅಸಲಿ ಅಂಗಿ ಆಗ ಇಟಲಿಯ ಲೊಟ್ಟೊ ಕಂಪನಿಯದು. ನನ್ನದು ಅದನ್ನು ನೋಡಿ ಬೇರೆಯವರು ಹೊಲಿದದ್ದು, ಎದೆಯ ಮೇಲೆ ಫುಟ್‌ಬಾಲ್ ಒಕ್ಕೂಟದ ಲಾಂಛನ ಇಲ್ಲ, ಬರೀ ಕೆಂಪು ಬಿಳಿ ಗುರಾಣಿ. ಅದನ್ನು ಅಂಗಡಿಯವನೇ ಹೇಳಿದ, ಮುಚ್ಚಿಡಲಿಲ್ಲ. ಅದು ಒಳ್ಳೆಯದೇ.

ಅಂಗಡಿ ಇಲಿತ್ಸಾ ಬೀದಿಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿದೆ. ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಗಾಜಿನ ಹಿಂದೆ ಎತ್ತ ನೋಡಿದರೂ ಮೋದ್ರಿಚ್, ಮೋದ್ರಿಚ್, ಮೋದ್ರಿಚ್. ಕ್ರೊಯೇಷಿಯಾದ ಈ ಕಾಲದ ದೊಡ್ಡ ಆಟಗಾರ, ಅವನ ಹತ್ತನೇ ನಂಬರ್ ಚಿಕ್ಕ ಮಗುವಿನ ಅಳತೆಯಿಂದ ಹಿಡಿದು ಡೇರೆಯಷ್ಟು ದೊಡ್ಡದರವರೆಗೂ ತೂಗುಹಾಕಿದ್ದರು. ಒಂಬತ್ತು ಕೇಳಿದರೆ ಕೌಂಟರಿನ ಹುಡುಗ ತಲೆ ಎತ್ತಿ ನೋಡಿದ.

"ನಿಮ್ಮ ಯಜಮಾನರಿಗಾ?"

"ನನಗೇ."

ಹೆಂಗಸರ ಅಳತೆ ಇಲ್ಲವಂತೆ. ಗಂಡಸರ ಮೀಡಿಯಂ ತೆಗೆದುಕೊಂಡೆ. ಹೆಗಲ ಹೊಲಿಗೆ ನನ್ನ ತೋಳಿನ ಮೇಲೆ ನಾಲ್ಕು ಬೆರಳು ಕೆಳಗೆ ಇಳಿಯಿತು. ತೊಂಬತ್ತರ ದಶಕದ ಜೆರ್ಸಿಗಳೆಲ್ಲ ಹೀಗೇ ದೊಗಳೆ, ಈಗಿನವರ ಹಾಗೆ ಮೈಗೆ ಅಂಟುತ್ತಿರಲಿಲ್ಲ. ಇದು ದೋಷ ಅಂತ ನಾನು ಹೇಳುವುದಿಲ್ಲ. ಒಳಗೊಂದು ಸ್ವೆಟರ್ ಹಾಕಬಹುದು, ಜಾಗ್ರೆಬ್ ಚಳಿಗೆ ಅದೇ ಅನುಕೂಲ.

ಅಂಗಿಗೆ 49 ಯೂರೋ, ಹೆಸರು ನಂಬರಿಗೆ 15. ಎಪ್ಪತ್ತು ಕೊಟ್ಟೆ, ಆರು ಯೂರೋ ಚಿಲ್ಲರೆ ಬಂತು. ಚಿಲ್ಲರೆಯ ಮೇಲೂ ಅದೇ ಚೌಕ! ಕ್ರೊಯೇಷಿಯಾ 2023ರ ಜನವರಿಯಿಂದ ಯೂರೋಗೆ ಬಂತಲ್ಲ, ಇಲ್ಲಿ ಅಚ್ಚಾಗುವ ಪ್ರತಿ ನಾಣ್ಯದ ಹಿನ್ನೆಲೆಯಲ್ಲೂ ಚದುರಂಗದ ಮಣೆಯಂಥ ಆ ಚೌಕಗಳಿವೆ. ಇದನ್ನು ಶಾಹೊವ್ನಿತ್ಸಾ ಅನ್ನುತ್ತಾರೆ. ದೇಶದ ಲಾಂಛನದಲ್ಲಿ ಒಟ್ಟು 25 ಚೌಕ, ಹದಿಮೂರು ಕೆಂಪು, ಹನ್ನೆರಡು ಬಿಳಿ. ಮಿರೊಸ್ಲಾವ್ ಶುತೆಯ್ ಎಂಬ ಕಲಾವಿದರು ಆ ಲಾಂಛನ ಬರೆದವರು. ಚೌಕುಳಿ ಜೆರ್ಸಿಯ ಮೂಲ ಕಲ್ಪನೆಯೂ ಅವರದೇ, ಯೂರೋಗೆ ಮೊದಲಿದ್ದ ಕೂನಾ ನೋಟುಗಳ ವಿನ್ಯಾಸದಲ್ಲೂ ಅವರ ಕೈಯಿತ್ತು. ನೋಟು ಹೋಯಿತು. ಅಂಗಿ ಉಳಿಯಿತು.

1998ರ ಅಂಗಿ ಪೂರ್ತಿ ಚೌಕುಳಿ ಅಲ್ಲ. ಬಿಳಿ ಮೈ ಮೇಲೆ ಕೆಂಪು ಚೌಕಗಳು ಗಾಳಿಗೆ ಹಾರುವ ಬಾವುಟದ ಹಾಗೆ ಅಲೆಯಾಗಿ ಬರುತ್ತವೆ. ನನಗೆ ಇಷ್ಟವಾದದ್ದೇ ಅದು. ಆದರೆ ನನ್ನ ಅಂಗಿಯಲ್ಲಿ ಒಂದು ಎಡವಟ್ಟಿದೆ. ಪಕ್ಕದ ಹೊಲಿಗೆಯಲ್ಲಿ ಮುಂದಿನ ಚೌಕ ಹಿಂದಿನ ಚೌಕಕ್ಕೆ ಕೂಡಿಲ್ಲ. ಅರ್ಧ ಇಂಚು ಕೆಳಗೆ ಜಾರಿದೆ. ಅಲೆ ಅಲ್ಲಿಗೆ ಬಂದು ಎಡವಿದ ಹಾಗೆ ಕಾಣುತ್ತದೆ. ಕತ್ತರಿಸುವಾಗ ಸ್ವಲ್ಪ ನಿಗಾ ಇಟ್ಟಿದ್ದರೆ ಸಾಕಿತ್ತು. ಒಂದು ಅಂಕ ಅಲ್ಲೇ ಕಳೆದೆ.

ಇನ್ನು ಹೆಸರು. ಟ್ರಾಮ್ ಸ್ಟಾಪಿನಲ್ಲಿ ಚೀಲದಿಂದ ತೆಗೆದು ನೋಡಿದೆ. ಮೊದಲ ಅಕ್ಷರದ ತಲೆ ಮೇಲೆ ಕೊಕ್ಕೆ ಇಲ್ಲ! ಇಲ್ಲಿಯವರು ಆ ಗುರುತಿಗೆ ಕ್ವಾಚಿತ್ಸಾ ಅನ್ನುತ್ತಾರೆ, ಪುಟ್ಟ ಹಕ್ಕಿ ರೆಕ್ಕೆ ಬಿಚ್ಚಿದ ಹಾಗಿರುತ್ತದೆ. ಅದಿದ್ದರೆ 'ಶ', ಇಲ್ಲದಿದ್ದರೆ 'ಸ'. ಬೇರೆ ದೇಶದ ಅಂಗಡಿಯಲ್ಲಿ ಹೀಗಾಗಿದ್ದರೆ ಬಿಟ್ಟುಬಿಡಬಹುದಿತ್ತು. ಜಾಗ್ರೆಬ್‌ನಲ್ಲಿ! ಅದೂ ಅಲ್ಲದೆ 'ಸುಕೆರ್' ಅಂತ ಓದಿದರೆ ಕನ್ನಡದ ಕಿವಿಗೆ ಏನು ಕೇಳುತ್ತದೆ ಹೇಳಿ? ಹಂದಿಯನ್ನು ಬೆನ್ನ ಮೇಲೆ ಬರೆಸಿಕೊಂಡು ತಿರುಗಲು ನಾನು 15 ಯೂರೋ ಕೊಟ್ಟಿಲ್ಲ.

ವಾಪಸ್ ಹೋದೆ. ಆ ಹುಡುಗ ಇರಲಿಲ್ಲ, ಬೇರೊಬ್ಬರಿದ್ದರು. ಹೆಸರು ಹಾಕಿಸಿದ ಅಂಗಿ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ನಾನು ಮನಸ್ಸು ಬದಲಾಯಿಸಿ ಬಂದವಳಲ್ಲ, ನೀವು ತಪ್ಪಾಗಿ ಬರೆದದ್ದು, ಅದು ಬೇರೆ ಇದು ಬೇರೆ ಅಂದೆ. "ಯಾರೂ ಗಮನಿಸಲ್ಲ" ಅಂದರು. ಆ ಮಾತಿಗೇ ನನಗೆ ಸಿಟ್ಟು ಬಂದದ್ದು. ಲಾಂಡ್ರಿಯಲ್ಲಿ ಕೊರಳಪಟ್ಟಿಯ ಒಳಗಿನ ಕಲೆಯ ಬಗ್ಗೆ ಹೀಗೆ ಹೇಳಿದರೆ ನನ್ನ ಕೆಲಸ ಉಳಿಯುತ್ತಿತ್ತಾ?

ಕೌಂಟರಿನ ಪಕ್ಕದಲ್ಲೇ ಗ್ರಾಹಕರ ದೂರಿನ ಬಗ್ಗೆ ಕಾಗದ ಅಂಟಿಸಿತ್ತು. ಲಿಖಿತ ದೂರು ಕೊಟ್ಟರೆ 15 ದಿನದೊಳಗೆ ಉತ್ತರ ಕೊಡಲೇಬೇಕು. ಬಿಲ್ಲಿನ ಫೋಟೋ ಸೇರಿಸಿ ಈಮೇಲ್ ಹಾಕಿದೆ. ನಾಲ್ಕನೇ ದಿನಕ್ಕೇ ಉತ್ತರ ಬಂತು. ಕ್ಷಮೆ ಕೇಳಿ, ಹಣ ತೆಗೆದುಕೊಳ್ಳದೆ ಮತ್ತೆ ಅಂಟಿಸಿಕೊಡುತ್ತೇವೆ ಅಂದರು. ಎರಡನೇ ಸಲ ಹೋದಾಗ ಅದೇ ಹುಡುಗ ನನ್ನ ಎದುರೇ ಕೆಲಸ ಮಾಡಿದ. ಹಳೆಯ ಅಕ್ಷರ ಬಿಸಿ ಮಾಡಿ ಚಿಮಟದಿಂದ ಎಳೆದ. ಹೊಸದನ್ನು ಇಟ್ಟು ಅಳತೆಪಟ್ಟಿ ಹಿಡಿದು ಮಧ್ಯ ನೋಡಿದ. ಪ್ರೆಸ್ ಇಳಿಸಿದ. ನೂರೈವತ್ತು ಡಿಗ್ರಿ ಹತ್ತಿರ, ಹತ್ತು ಹದಿನೈದು ಸೆಕೆಂಡು. ಪಾಲಿಯೆಸ್ಟರ್ ಬಟ್ಟೆಗೆ ಅದಕ್ಕಿಂತ ಜಾಸ್ತಿ ಹೊತ್ತು ಬಿಸಿ ತಾಗಿದರೆ ಕೆಂಪು ಬಣ್ಣ ಎದ್ದು ಮೇಲಿನ ಅಂಟಿಗೆ ಹತ್ತುತ್ತದೆ. ಬಿಳಿ ಅಕ್ಷರವಾದರೆ ಗುಲಾಬಿಯಾಗುತ್ತದೆ. ನನ್ನದು ನೀಲಿ ಅಕ್ಷರ, ಬಚಾವ್. ಹಳೆಯ ಅಕ್ಷರದ ನೆರಳು ಮಾತ್ರ ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತದೆ.

ಈಗ ಶೆಫಿತ್ಸಾ ಬಗ್ಗೆ ಹೇಳಬೇಕು. ಶೆಫಿತ್ಸಾ ಅಂದರೆ ಮೇಲಿನವಳು, ನಮ್ಮ ಲಾಂಡ್ರಿಯ ಮುಖ್ಯಸ್ಥೆ. ಒಸಿಯೆಕ್ ಊರಿನವರು. ಶುಕೆರ್ ಹುಟ್ಟಿದ್ದೂ ಅಲ್ಲೇ, 1968ರ ಜನವರಿ 1ರಂದು. "ನನಗಿಂತ ಎರಡು ವರ್ಷ ದೊಡ್ಡವನು" ಅಂತ ನೆಂಟರ ಹುಡುಗನ ಬಗ್ಗೆ ಹೇಳುವ ಹಾಗೆ ಹೇಳುತ್ತಾರೆ. ನಾನು ಈ ಅಂಗಿ ಕೊಂಡದ್ದೇ ಅವರ ಮಾತು ಕೇಳಿ ಕೇಳಿ. ಮಡಚುವ ಮೇಜಿನ ಆ ತುದಿ ಅವರು, ಈ ತುದಿ ನಾನು. ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕು. ಎಳೆದು, ಕೊಡವಿ, ಹತ್ತಿರ ಬಂದು ಅಂಚು ಕೊಡುವಾಗ ಒಂದು ವಾಕ್ಯ. ಮತ್ತೆ ದೂರ ಹೋಗಿ ಎಳೆದು ಹತ್ತಿರ ಬರುವಾಗ ಮುಂದಿನ ವಾಕ್ಯ. ಅವನ ಕಥೆಯನ್ನು ನಾನು ಹೀಗೆ ಕಂತು ಕಂತಾಗಿ ಕೇಳಿದ್ದು.

1984ರಿಂದ ಒಸಿಯೆಕ್ ತಂಡದಲ್ಲಿ ಆಡಿದ. 1987ರಲ್ಲಿ ಚಿಲಿಯಲ್ಲಿ ನಡೆದ ಕಿರಿಯರ ವಿಶ್ವಕಪ್ ಗೆದ್ದ ಯುಗೊಸ್ಲಾವಿಯಾ ತಂಡದಲ್ಲಿ (ಕ್ರೊಯೇಷಿಯಾ ಆಗ ಅದರೊಳಗೇ ಇತ್ತು) ಅವನಿದ್ದ, ಬೊಬಾನ್, ಪ್ರೊಸಿನೆಚ್ಕಿ ಜೊತೆಗೆ. ಆರು ಗೋಲು. 1988-89ರಲ್ಲಿ ಯುಗೊಸ್ಲಾವ್ ಲೀಗಿಗೇ ಅತಿ ಹೆಚ್ಚು ಗೋಲು, 18. ದೊಡ್ಡ ಕ್ಲಬ್ಬುಗಳನ್ನೆಲ್ಲ ಹಿಂದೆ ಹಾಕಿ ಒಸಿಯೆಕ್ ಹುಡುಗ ಮೇಲೆ ಬಂದ! ಶೆಫಿತ್ಸಾ ಈ ಸಂಖ್ಯೆ ಹೇಳುವಾಗ ಹೊದಿಕೆಯನ್ನು ಸ್ವಲ್ಪ ಜೋರಾಗಿಯೇ ಕೊಡವುತ್ತಾರೆ. ಆಮೇಲೆ ಎರಡು ವರ್ಷ ಜಾಗ್ರೆಬ್‌ನ ದಿನಾಮೊ. 1991ರಲ್ಲಿ ಸ್ಪೇನಿನ ಸೆವಿಯಾ. ಅಲ್ಲಿ ಒಂದು ವರ್ಷ ಮರಡೋನಾ ಜೊತೆ ಒಂದೇ ತಂಡದಲ್ಲಿ ಆಡಿದ. "ಎಡಗಾಲಿನವರು ಇಬ್ಬರು" ಅನ್ನುತ್ತಾರೆ ಶೆಫಿತ್ಸಾ, ಎರಡು ಬೆರಳು ಎತ್ತಿ.

ಅವನ ಎಡಗಾಲಿನ ಮಾತು ಬಂದರೆ ನಮ್ಮ ಕೆಲಸ ನಿಲ್ಲುತ್ತದೆ. 1996ರ ಯೂರೋ ಕಪ್, ಅಂದರೆ ಯುರೋಪಿನ ದೇಶಗಳ ಟೂರ್ನಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಡೆನ್ಮಾರ್ಕ್ ಎದುರು. ಪಂದ್ಯದ ಕೊನೆ, ಕ್ರೊಯೇಷಿಯಾ ಆಗಲೇ ಎರಡು ಗೋಲು ಮುಂದಿತ್ತು. ಗೋಲಿನಲ್ಲಿ ಪೀಟರ್ ಷ್ಮೈಕೆಲ್, ಬಾಗಿಲಷ್ಟು ಅಗಲದ ಮನುಷ್ಯ. ಅವರು ಮುಂದೆ ಬಂದರು. ಬೇರೆ ಯಾರಾದರೂ ಆಗಿದ್ದರೆ ಬಲವಾಗಿ ಒದೆಯುತ್ತಿದ್ದರು. ಇವನು ಚೆಂಡಿನ ಅಡಿಗೆ ಕಾಲ್ಬೆರಳ ತುದಿ ಹಾಕಿ ಎತ್ತಿದ, ಅಷ್ಟೇ. ಚೆಂಡು ಅವರ ತಲೆ ಮೇಲಿಂದ ನಿಧಾನಕ್ಕೆ ಹೋಗಿ ಬಲೆಯಲ್ಲಿ ಇಳಿಯಿತು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಒದ್ದ ಹಾಗೇ ಇಲ್ಲ. ದಿಂಬಿಗೆ ಗವಸು ಹಾಕಿ ಮಂಚದ ಮೇಲೆ ಎಸೆಯುತ್ತೇವಲ್ಲ, ಆ ಥರ ಇದೆ.

ಅದೇ ವರ್ಷ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಮೊದಲ ಸೀಸನ್ನಿನಲ್ಲೇ ಲೀಗ್ ಗೆದ್ದರು, ಅವನದು 24 ಗೋಲು. ಎರಡನೇ ವರ್ಷಕ್ಕೆ ಮಿಯಾತೊವಿಚ್, ರಾವುಲ್, ಮೊರಿಯೆಂತೆಸ್ ಮುಂದೆ ನಿಂತರು. ಇವನು ಬೆಂಚಿಗೆ ಬಿದ್ದ. 1998ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಳಿದದ್ದು ಪಂದ್ಯ ಮುಗಿಯುವ ಹೊತ್ತಿಗೆ. ಗೆದ್ದ ಕಪ್ಪು ಕೈಗೆ ಬಂತು, ಆದರೆ ಕಾಲು ಬೆಚ್ಚಗಾಗುವಷ್ಟು ಆಟ ಸಿಗಲಿಲ್ಲ. ಅದಾದ ಒಂದೇ ತಿಂಗಳಿಗೆ ಈ ಅಂಗಿ ತೊಟ್ಟು ಫ್ರಾನ್ಸಿನಲ್ಲಿ ಇಳಿದ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಂಗಡಿಯ ಹುಡುಗ ಶುಕೆರ್ ಅಂದರೆ ಸುಮ್ನೆ ಗೋಲು ಹೊಡೆಯುತ್ತಲೇ ಇದ್ದವನು ಅಂದುಕೊಂಡಿದ್ದ. ಕ್ಲಬ್ಬಿನಲ್ಲಿ ಕೂತು ಕೂತು ಬಂದವನು ಆ ಬೇಸಿಗೆಯಲ್ಲಿ ಜಗತ್ತಿಗೇ ಅತಿ ಹೆಚ್ಚು ಗೋಲು ಹಾಕಿದ.

ಕ್ರೊಯೇಷಿಯಾಕ್ಕೆ ಅದು ಮೊದಲ ವಿಶ್ವಕಪ್. ಜಮೈಕಾ ಎದುರು ಒಂದು, ಜಪಾನ್ ಎದುರು ಒಂದು. ಅರ್ಜೆಂಟೀನಾ ಎದುರು ಸೋತರು. ರೊಮೇನಿಯಾ ಎದುರು ಪೆನಾಲ್ಟಿ. ಹೊಡೆದ, ಗೋಲು. ರೆಫರಿ ಮತ್ತೆ ಹೊಡೆಯಲು ಹೇಳಿದರು. ಮತ್ತೆ ಹೊಡೆದ, ಮತ್ತೆ ಗೋಲು. ನನ್ನ ಅಂಗಿಯ ಹೆಸರೂ ಎರಡು ಸಲ ಆಯಿತು ಅಂತ ಹೇಳಿದ್ದಕ್ಕೆ ಶೆಫಿತ್ಸಾ ನಗಲಿಲ್ಲ. "ಅವನದು ಎರಡು ಸಲವೂ ಸರಿಯಿತ್ತು" ಅಂದರು.

ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯನ್ನು 3-0. ಎರಡು ವರ್ಷದ ಹಿಂದೆ ಯೂರೋ ಕಪ್‌ನಲ್ಲಿ ಇವರನ್ನು ಮನೆಗೆ ಕಳಿಸಿದ್ದು ಅದೇ ಜರ್ಮನಿ. ಮೂರನೇ ಗೋಲು ಇವನದು. ಆ ರಾತ್ರಿ ಊರಿನಲ್ಲಿ ಯಾರೂ ಮಲಗಲಿಲ್ಲವಂತೆ. ಸೆಮಿಫೈನಲ್ ಫ್ರಾನ್ಸ್ ಎದುರು. ಅರ್ಧವಿರಾಮ ಮುಗಿದು ಒಂದು ನಿಮಿಷವೂ ಆಗಿಲ್ಲ, ಅಸಾನೊವಿಚ್ ಕೊಟ್ಟ ಚೆಂಡನ್ನು ಶುಕೆರ್ ಗೋಲಿಗೆ ಹಾಕಿದ. ಇಡೀ ಸ್ಟೇಡಿಯಂ ತಣ್ಣಗಾಯಿತು. ಒಂದೇ ನಿಮಿಷ. ಲಿಲಿಯನ್ ತುರಾಮ್ ಬಂದು ಸಮ ಮಾಡಿದರು, ಆಮೇಲೆ ಇನ್ನೊಂದು. ತುರಾಮ್ ರಕ್ಷಣೆಯ ಆಟಗಾರ. ಫ್ರಾನ್ಸ್ ಪರ 142 ಪಂದ್ಯ ಆಡಿದ ಅವರ ಗೋಲುಗಳು ಅವೆರಡೇ. "ಅವನಿಗೆ ಆವತ್ತೇ ಹೊಳೆಯಬೇಕಿತ್ತಾ?" ಅಂತ ಶೆಫಿತ್ಸಾ ಇಷ್ಟು ವರ್ಷದ ಮೇಲೂ ಕೇಳುತ್ತಾರೆ. ನಾನೇನು ಹೇಳಲಿ?

ಮೂರನೇ ಸ್ಥಾನಕ್ಕೆ ಪ್ಯಾರಿಸ್‌ನಲ್ಲಿ ನೆದರ್ಲೆಂಡ್ಸ್ ಎದುರು 2-1. ಗೆಲುವಿನ ಗೋಲು ಇವನದು, ಟೂರ್ನಿಯಲ್ಲಿ ಆರನೆಯದು. ಅತಿ ಹೆಚ್ಚು ಗೋಲು ಹಾಕಿದವನಿಗೆ ಕೊಡುವ ಗೋಲ್ಡನ್ ಬೂಟ್ ಬಂತು. ವರ್ಷದ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯಲ್ಲಿ ಆ ವರ್ಷ ಜಿಡಾನ್ ನಂತರ ಎರಡನೆಯವನು. ದೇಶದ ಪರ 69 ಪಂದ್ಯಗಳಲ್ಲಿ 45 ಗೋಲು. ಇವತ್ತಿಗೂ ಕ್ರೊಯೇಷಿಯಾದಲ್ಲಿ ಅದನ್ನು ಯಾರೂ ದಾಟಿಲ್ಲ.

ಅದರ ನಂತರದ ಕಥೆಯನ್ನು ಶೆಫಿತ್ಸಾ ಬೇಗ ಮುಗಿಸುತ್ತಾರೆ. ಆರ್ಸೆನಲ್, ವೆಸ್ಟ್ ಹ್ಯಾಮ್, ಮ್ಯೂನಿಕ್‌ನ 1860 ಅನ್ನುವ ಕ್ಲಬ್ಬು. 2000ದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಆರ್ಸೆನಲ್ ಅವನನ್ನು ಹೆಚ್ಚುವರಿ ಸಮಯದ ಕೊನೆಯಲ್ಲಿ ಇಳಿಸಿತು, ಪೆನಾಲ್ಟಿ ಹೊಡೆಯಲಿ ಅಂತ. ಅದು ಕಂಬಕ್ಕೆ ಬಡಿಯಿತು. ರೊಮೇನಿಯಾ ಎದುರು ಎರಡು ಸಲ ಹಾಕಿದವನೇ. 2012ರಿಂದ 2021ರವರೆಗೆ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷನಾಗಿದ್ದ ಕಾಲದ ಬಗ್ಗೆ ಕೇಳಿದರೆ ಅವರು ಇಸ್ತ್ರಿ ಯಂತ್ರದ ಕಡೆ ಹೋಗಿಬಿಡುತ್ತಾರೆ. ಆ ವರ್ಷಗಳಲ್ಲಿ ಅಭಿಮಾನಿಗಳಿಗೂ ಒಕ್ಕೂಟಕ್ಕೂ ಆಗಿಬರುತ್ತಿರಲಿಲ್ಲ. ಟ್ರಾಮಿನಲ್ಲೂ ಗಮನಿಸಿದ್ದೇನೆ. ನನ್ನ ಬೆನ್ನು ನೋಡಿ ಕೆಲವರು ಹೆಬ್ಬೆರಳು ಎತ್ತುತ್ತಾರೆ. ಕೆಲವರು ಓದಿ ಕಿಟಕಿ ಕಡೆ ತಿರುಗುತ್ತಾರೆ. ಮೋದ್ರಿಚ್ ಅಂಗಿಗಳ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ, ಅವು ಅಷ್ಟೊಂದು ಇವೆ.

ಒಗೆತದ ವಿಷಯಕ್ಕೆ ಬರುತ್ತೇನೆ, ಕೊಳ್ಳುವವರಿಗೆ ಬೇಕಾದದ್ದು ಇದೇ. ಇಲ್ಲಿವರೆಗೆ ಹನ್ನೊಂದು ಸಲ ಒಗೆದಿದ್ದೇನೆ. ಮೂವತ್ತು ಡಿಗ್ರಿ, ಒಳಮಗ್ಗುಲು ತಿರುಗಿಸಿ, ಮೆದುಗೊಳಿಸುವ ದ್ರವ ಹಾಕದೆ. ಅದನ್ನು ಹಾಕಿದರೆ ಅಂಟಿನ ಹಿಡಿತ ಸಡಿಲವಾಗುತ್ತದೆ. ಡ್ರೈಯರ್ ಬೇಡವೇ ಬೇಡ. ಕೆಂಪು ಬಣ್ಣ ಬಿಟ್ಟಿಲ್ಲ, ಬಿಳಿಗೆ ಹತ್ತಿಲ್ಲ. ಇದಕ್ಕೆ ಪೂರ್ತಿ ಅಂಕ. ಚೌಕಗಳು ನೇಯ್ದವಲ್ಲ, ಬಣ್ಣವನ್ನೇ ಬಟ್ಟೆಯೊಳಗೆ ಇಳಿಸಿದ ಅಚ್ಚು, ಹಾಗಾಗಿ ಉದುರುವ ಪ್ರಶ್ನೆಯಿಲ್ಲ. ಕೊರಳಪಟ್ಟಿ ಮಾತ್ರ ಐದನೇ ಒಗೆತಕ್ಕೇ ಅಲೆಅಲೆಯಾಯಿತು. ಕಂಕುಳ ಹತ್ತಿರ ದಾರ ಎದ್ದಿದೆ. ಬಟ್ಟೆ ಸ್ವಲ್ಪ ಹೆಚ್ಚೇ ಮಿನುಗುತ್ತದೆ, ದೀಪದ ಕೆಳಗೆ ಪರದೆ ಬಟ್ಟೆಯ ಥರ. ಬೆವರು ಹೀರುವುದಿಲ್ಲ. ಆಡಲು ಕೊಳ್ಳುವುದಾದರೆ ಬೇಡ. ನೋಡಲು, ತೊಟ್ಟು ತಿರುಗಲು ಆದರೆ ಅಡ್ಡಿಯಿಲ್ಲ.

ತಿರುಗಲು ಅಂತ ನಾನು ಹೋದದ್ದು ಒಸಿಯೆಕ್‌ಗೇ. ರಜೆ ಸಿಕ್ಕಿತ್ತು, ರೈಲು ಹತ್ತಿದೆ. ದಾರಿಯುದ್ದಕ್ಕೂ ಸಮತಟ್ಟು ಹೊಲ. ದ್ರಾವಾ ನದಿಯ ದಡದಲ್ಲಿ ನಡೆದು ಆಮೇಲೆ ಕೆಂಪು ಫಿಚೊ ನೋಡಲು ಹೋದೆ. ಫಿಚೊ ಅಂದರೆ ಹಳೇ ಕಾಲದ ಪುಟ್ಟ ಝಾಸ್ತಾವಾ ಕಾರು. 1991ರ ಜೂನ್‌ನಲ್ಲಿ ಯುಗೊಸ್ಲಾವ್ ಸೇನೆಯ ಟ್ಯಾಂಕುಗಳು ಊರೊಳಗೆ ಬಂದಾಗ ಒಬ್ಬರು ಇಂಥ ಕೆಂಪು ಕಾರನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. ಟ್ಯಾಂಕು ಅದರ ಮೇಲೆ ಹತ್ತಿ ಅಪ್ಪಚ್ಚಿ ಮಾಡಿತು. ಈಗ ಅದೇ ಜಾಗದಲ್ಲಿರುವ ಸ್ಮಾರಕದಲ್ಲಿ ತಿರುಗುಮುರುಗು, ಕಾರೇ ಟ್ಯಾಂಕಿನ ಮೇಲೆ ಹತ್ತುತ್ತಿದೆ. ಶುಕೆರ್ ಸ್ಪೇನಿಗೆ ಹೋದ ವರ್ಷವೂ ಅದೇ. ಅವನು ಅಲ್ಲಿ ಗೋಲು ಹಾಕುತ್ತಿದ್ದಾಗ ಇಲ್ಲಿ ಶೆಲ್ ಬೀಳುತ್ತಿತ್ತು. ಶೆಫಿತ್ಸಾ ಅದರ ಬಗ್ಗೆ ಒಂದೇ ಮಾತು ಹೇಳಿದ್ದರು: ನೆಲಮಾಳಿಗೆಯಲ್ಲಿ ಕೂತು ರೇಡಿಯೋದಲ್ಲಿ ಸೆವಿಯಾ ಫಲಿತಾಂಶ ಕೇಳುತ್ತಿದ್ದೆವು ಅಂತ.

ಸ್ಮಾರಕದ ಹತ್ತಿರ ಸೈಕಲ್ ತಳ್ಳಿಕೊಂಡು ಬಂದ ಒಬ್ಬ ಅಜ್ಜ ನಿಂತರು. ನನ್ನ ಬೆನ್ನಿನ ಹೆಸರು ಓದಿದರು. ಬೆರಳು ಗಾಳಿಯಲ್ಲಿ ಎತ್ತಿ ಕ್ವಾಚಿತ್ಸಾ ಬರೆದು ತೋರಿಸಿ, ಇದೆ, ಸರಿ ಇದೆ ಅನ್ನುವ ಹಾಗೆ ತಲೆ ಆಡಿಸಿದರು. ಯಾರೂ ಗಮನಿಸಲ್ಲವಂತೆ! ಆಮೇಲೆ ಅಂಗಿಯ ಕೆಂಪು ಚೌಕ ತೋರಿಸಿ, "ಇದು ಆಮೇಲಿನದು. ಇಲ್ಲಿ ಆಡುವಾಗ ನೀಲಿ ಬಿಳಿ" ಅಂದರು. ಒಸಿಯೆಕ್ ಕ್ಲಬ್ಬಿನ ಬಣ್ಣ ಅದು. ಅಂಥ ಅಂಗಿ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. "ನನ್ನ ಬೀರುವಿನಲ್ಲಿ" ಅಂದವರೇ ಸೈಕಲ್ ಹತ್ತಿದರು.

ಕಳೆದ ವಾರ, ಹನ್ನೊಂದನೇ ಒಗೆತದಲ್ಲಿ, ಕೊಕ್ಕೆಯ ಒಂದು ರೆಕ್ಕೆ ಮೇಲೆದ್ದಿತು. ಅಕ್ಷರಗಳೆಲ್ಲ ಗಟ್ಟಿ, ಅದೊಂದೇ ಚಿಕ್ಕದು, ಅಂಟಿಗೆ ಹಿಡಿಯಲು ಜಾಗ ಕಮ್ಮಿ. ಶೆಫಿತ್ಸಾ ಅಂಗಿಯನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿದರು. ಕೊಕ್ಕೆಯ ಮೇಲೆ ಬೇಕಿಂಗ್ ಕಾಗದ ಇಟ್ಟರು. ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟನ್ನೇ ಒತ್ತಿ ಹತ್ತರವರೆಗೆ ಎಣಿಸಿದರು. ಕೂತಿತು. ನಂತರ ಪರ್ಸಿನಿಂದ 64 ಯೂರೋ ತೆಗೆದು ನನ್ನ ಕೈಗಿಟ್ಟರು, ಸರಿಯಾಗಿ ಚಿಲ್ಲರೆ ಸಮೇತ.

"ಮೊಮ್ಮಗನಿಗೆ ಹುಟ್ಟುಹಬ್ಬಕ್ಕೆ ಮೋದ್ರಿಚ್ ಬೇಕಂತೆ, ಅದನ್ನು ನಾನೇ ತರುತ್ತೇನೆ. ನೀನು ನನಗೊಂದು ಒಂಬತ್ತು ತಾ. ಲಾರ್ಜ್."

ಶನಿವಾರ ಹೋಗಿದ್ದೆ. ಅದೇ ಹುಡುಗ. ಈ ಸಲ ಹೆಸರನ್ನು ಬಾಯಲ್ಲಿ ಹೇಳಲಿಲ್ಲ. ಬಿಲ್ಲಿನ ಹಿಂದೆ ದಪ್ಪಕ್ಷರದಲ್ಲಿ ಬರೆದು, ಕೊಕ್ಕೆಗೆ ಎರಡು ಸುತ್ತು ಹಾಕಿ ಕೊಟ್ಟೆ.